ಬೈಪಾಸ್ ರಸ್ತೆಯ ಪರಿಣಾಮಗಳು (ಚಿಕ್ಕಬಳ್ಳಾಪುರ ಜಿಲ್ಲೆ)

ಬೈಪಾಸ್ ರಸ್ತೆ ಎಂದರೆ ದೂರ ಪ್ರಯಾಣದ ವಾಹನಗಳು ಪಟ್ಟಣದೊಳಕ್ಕೆ ಬಾರದೆ ಹೊರಗಿನಿಂದಲೇ ಸಾಗಲು ನಿರ್ಮಿಸುವ ರಸ್ತೆ. ಇದರ ಅನುಕೂಲಗಳು ಹೆಚ್ಚಾಗಿ ಪಟ್ಟಣಕ್ಕೆ ದೊರೆತರೆ, ಹೊರೆಯು ಸುತ್ತಲಿನ ಹಳ್ಳಿಗಳ ಜಮೀನು ಮತ್ತು ಜಲಮೂಲಗಳ ಮೇಲೆ ಬೀಳುತ್ತದೆ.

ಹಿನ್ನೆಲೆ

ಬೆಂಗಳೂರು–ಹೈದರಾಬಾದ್ ಮಾರ್ಗವಾದ ರಾಷ್ಟ್ರೀಯ ಹೆದ್ದಾರಿ 44 (ಹಿಂದಿನ 7) ಚಿಕ್ಕಬಳ್ಳಾಪುರ ನಗರದ ಹೊರಭಾಗದಲ್ಲಿ ಹಾದುಹೋಗುತ್ತದೆ. ನಗರದೊಳಗಿನ ಹಳೆಯ ಮಾರ್ಗವು ಬಿ.ಬಿ. ರಸ್ತೆಯಾಗಿ ಉಳಿದಿದೆ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಚಿಂತಾಮಣಿಗಳನ್ನು ಹಿಂದಿನ ರಾಷ್ಟ್ರೀಯ ಹೆದ್ದಾರಿ 234ರ ಮಾರ್ಗವು ಒಂದಕ್ಕೊಂದು ಜೋಡಿಸುತ್ತದೆ.

ಜಲಮೂಲಗಳು

ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಗಳಿಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಮೊದಲಾದವು ನಂದಿ ಬೆಟ್ಟಸಾಲಿನಲ್ಲಿ ಹುಟ್ಟಿದರೂ ಮಳೆಗಾಲದಲ್ಲಿ ಮಾತ್ರ ಹರಿಯುತ್ತವೆ. ಆದ್ದರಿಂದ ವ್ಯವಸಾಯವು ಕೆರೆ ಮತ್ತು ಕೊಳವೆ ಬಾವಿಗಳನ್ನು ಅವಲಂಬಿಸಿದೆ. ಒಂದು ಕೆರೆ ಕೋಡಿ ಬಿದ್ದಾಗ ಹೆಚ್ಚುವರಿ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರುತ್ತದೆ. ಎತ್ತರಿಸಿದ ರಸ್ತೆಯ ಏರಿಯು ಈ ರಾಜಕಾಲುವೆಗಳನ್ನು ಅಡ್ಡಗಟ್ಟಿ, ಮೋರಿಗಳು ಕಿರಿದಾಗಿದ್ದರೆ, ಮೇಲ್ಭಾಗದ ಹೊಲಗಳಲ್ಲಿ ನೀರು ನಿಲ್ಲುತ್ತದೆ. ಕೆಳಗಿನ ಕೆರೆಗೆ ನೀರಿನ ಹರಿವು ಕುಗ್ಗುತ್ತದೆ. ಕೆರೆ ತುಂಬದಿದ್ದರೆ ಅಂತರ್ಜಲದ ಮರುಪೂರಣವೂ ಕಡಿಮೆಯಾಗುತ್ತದೆ.

ಕೃಷಿ ಮತ್ತು ರೇಷ್ಮೆ

ಶಿಡ್ಲಘಟ್ಟವು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾಗಿದೆ. ರೇಷ್ಮೆಹುಳುವಿನ ಆಹಾರ ಹಿಪ್ಪುನೇರಳೆ ಸೊಪ್ಪು ಮಾತ್ರ. ಕಾಮಗಾರಿಯ ಧೂಳು ಕುಳಿತ ಸೊಪ್ಪು ಹುಳುಗಳ ಬೆಳವಣಿಗೆಗೆ ತಕ್ಕುದಲ್ಲ. ರಸ್ತೆಯು ಜಮೀನನ್ನು ಸೀಳಿದಾಗ ಕೊಳವೆ ಬಾವಿ ಒಂದು ಬದಿಗೂ ತೋಟ ಮತ್ತೊಂದು ಬದಿಗೂ ಉಳಿಯಬಹುದು. ಕೆಳಸೇತುವೆಗಳು ದೂರದೂರವಿದ್ದರೆ ರೈತರು, ಜಾನುವಾರುಗಳು ಮತ್ತು ಶಾಲಾ ಮಕ್ಕಳು ವೇಗದ ವಾಹನಗಳ ನಡುವೆಯೇ ರಸ್ತೆ ದಾಟಬೇಕಾಗುತ್ತದೆ.

ಪಟ್ಟಣದ ಮೇಲೆ

ಲಾರಿಗಳು ಹೊರಗೆ ಸಾಗುವುದರಿಂದ ಪಟ್ಟಣದಲ್ಲಿ ಹೊಗೆ, ಶಬ್ದ ಮತ್ತು ಅಪಘಾತದ ಭಯ ತಗ್ಗುತ್ತವೆ. ಭಾರತದ ಶಬ್ದಮಾಲಿನ್ಯ ನಿಯಮಗಳು (2000) ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬಲ್ ಮಿತಿ ವಿಧಿಸಿವೆ. ಆದರೆ ದಾರಿಹೋಕರನ್ನು ನಂಬಿದ ಹೋಟೆಲು, ಪಂಕ್ಚರ್ ಅಂಗಡಿ ಮತ್ತು ಹಣ್ಣಿನ ಗಾಡಿಗಳ ವ್ಯಾಪಾರ ಕುಸಿಯುತ್ತದೆ. ಬೈಪಾಸಿನ ಇಕ್ಕೆಲಗಳಲ್ಲಿ ಬಡಾವಣೆಗಳು ಬೆಳೆದರೆ ಅದೇ ಮತ್ತೆ ಪಟ್ಟಣದ ಬೀದಿಯಾಗುತ್ತದೆ. ಹೊಸ ರಸ್ತೆಗಳು ಹೊಸ ಸಂಚಾರವನ್ನೂ ಹುಟ್ಟಿಸಬಲ್ಲವು ಎಂದು ಬ್ರಿಟನ್ನಿನ ಸರ್ಕಾರಿ ಸಲಹಾ ಸಮಿತಿಯೊಂದು 1994ರಲ್ಲಿ ವರದಿ ಮಾಡಿತು.

ಕಾನೂನು

ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆ, 1956ರಡಿ ಭೂಸ್ವಾಧೀನದ ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಜಮೀನಿನಲ್ಲಿ ಹಕ್ಕುಳ್ಳವರು ಆಕ್ಷೇಪಣೆ ಸಲ್ಲಿಸಬಹುದು. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ನಿಯಮಗಳು 2015ರಿಂದ ಹೆದ್ದಾರಿಗಳಿಗೂ ಅನ್ವಯಿಸುತ್ತವೆ. ಪರಿಸರ ಪರಿಣಾಮ ಅಧಿಸೂಚನೆಗೆ 2013ರಲ್ಲಿ ಮಾಡಿದ ತಿದ್ದುಪಡಿಯು, ಹೆದ್ದಾರಿ ವಿಸ್ತರಣೆಯು 100 ಕಿ.ಮೀ. ಮೀರಿ, ಬೈಪಾಸ್ ಭಾಗದಲ್ಲಿ 60 ಮೀಟರಿಗಿಂತ ಹೆಚ್ಚು ಅಗಲದ ಭೂಮಿ ಬೇಕಾದಾಗ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು. ಈ ಮಿತಿಯೊಳಗಿನ ವಿಸ್ತರಣೆಗಳಲ್ಲಿ ಅದರಡಿಯ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಲ್ಲವಾದ್ದರಿಂದ, ಮೋರಿ, ಕೆಳಸೇತುವೆ ಮತ್ತು ರಾಜಕಾಲುವೆಗಳ ಪ್ರಶ್ನೆಗಳನ್ನು ಲಿಖಿತವಾಗಿ ಎತ್ತಲು ಆ 21 ದಿನಗಳ ಅವಧಿ ಮುಖ್ಯವಾಗುತ್ತದೆ.