ಊರಿನ ನೆನಪನ್ನು ಕಾಪಾಡುವ ಸಂಘಗಳು

ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದ ಬಳಿಕ ಯೆಹೋಶುವನು ಹೊಳೆಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ತರಿಸಿ ಗಿಲ್ಗಾಲಿನಲ್ಲಿ ನಿಲ್ಲಿಸಿದ ವೃತ್ತಾಂತವನ್ನು ನಮ್ಮ ಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ಮುಂದೆ ಮಕ್ಕಳು ಅವುಗಳ ಅರ್ಥವನ್ನು ಕೇಳುವಾಗ ಹಿರಿಯರು ಉತ್ತರ ಕೊಡತಕ್ಕದ್ದೆಂಬುದೇ ಅದರ ಉದ್ದೇಶವಾಗಿತ್ತು. ಕಲ್ಲು ಉಳಿದು ಉತ್ತರ ಮರೆತುಹೋದರೆ ಆ ಕಲ್ಲಿಗೂ ಹೊಳೆಯ ಬೇರೆ ಕಲ್ಲುಗಳಿಗೂ ಭೇದವೇನು? ಒಂದು ಊರಿನ ಪೂರ್ವಸ್ಥಿತಿಯನ್ನು ಕಾಪಾಡುವುದಕ್ಕಾಗಿ ಸ್ವೇಚ್ಛೆಯಿಂದ ದುಡಿಯುವ ಇತಿಹಾಸ ಸಂಘಗಳ ಕೆಲಸವೂ ಇದೇ ಆಗಿದೆ: ವಸ್ತುವನ್ನೂ ಅದರ ಉತ್ತರವನ್ನೂ ಜೊತೆಯಾಗಿ ಉಳಿಸತಕ್ಕದ್ದು.

ಕನ್ನಡ ನಾಡಿನಲ್ಲಿ ಇಂಥ ಪ್ರಯತ್ನವು ಹೊಸತಲ್ಲ. ಬೆಂಗಳೂರಿನಲ್ಲಿ 1909ರಲ್ಲಿ ಮಿಥಿಕ್ ಸೊಸೈಟಿಯೂ ಧಾರವಾಡದಲ್ಲಿ 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವೂ ಹುಟ್ಟಿದುವು. ನಮ್ಮ ಸೀಮೆಯಲ್ಲಿಯಾದರೋ ಇತಿಹಾಸದ ಪ್ರಾಧ್ಯಾಪಕರಾದ ಡಾ. ತುಕಾರಾಮ ಪೂಜಾರಿಯವರು 1995ರಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದರು. ಬಂಟ್ವಾಳದ ಬಿ.ಸಿ. ರೋಡಿನ ಬಳಿಯ ಸಂಚಯಗಿರಿಯಲ್ಲಿರುವ ಅದರ ವಸ್ತುಸಂಗ್ರಹಾಲಯದಲ್ಲಿ ಅರಸರ ಕಿರೀಟಗಳಿಗಲ್ಲ, ತುಳುವರ ಮನೆ ಮತ್ತು ಹೊಲಗಳಲ್ಲಿ ಸವೆದ ಸಾಮಾನುಗಳಿಗೆ ಮುಖ್ಯ ಸ್ಥಾನವಿರುವುದು. ಕೇಂದ್ರಕ್ಕೆ ಹೆಸರು ಕೊಟ್ಟ ಅಬ್ಬಕ್ಕನು ಪೋರ್ತುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ, ಚೌಟರ ವಂಶದವಳು. ಅದೇ ವಂಶದವರ ಅರಮನೆಯು ಶಿರ್ತಾಡಿಗೆ ಸಮೀಪವಾದ ಮೂಡುಬಿದಿರೆಯಲ್ಲಿ ಈಗಲೂ ಇದೆ.

ಸಾಧಾರಣ ಸಾಮಾನುಗಳಿಂದ ಏನು ಪ್ರಯೋಜನವೆಂದು ಕೆಲವರು ಕೇಳಬಹುದು. ಬೈಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಮುಡಿಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಇಂದಿನ ಬಾಲಕಿಗೆ ಅದು ಹುಲ್ಲಿನ ಒಂದು ಉಂಡೆ. ಆದರೆ ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು ಎಂಬ ಲೆಕ್ಕವನ್ನು ಅಜ್ಜಿಯು ಹೇಳಿಕೊಟ್ಟಳೆಂದರೆ ಅದು ಅಳತೆಯ ಪಾಠವಾಗುವುದು. ಒಕ್ಕಲು ಮನೆಯವರು ಧನಿಗಳಿಗೆ ವರುಷಕ್ಕೆ ಇಷ್ಟು ಮುಡಿ ಗೇಣಿ ಅಳೆಯಬೇಕಾಗಿತ್ತು, ಅಳೆದಾದ ಮೇಲೆ ಮನೆಯಲ್ಲಿ ಉಳಿದುದರಿಂದ ಮಳೆಗಾಲವನ್ನು ಕಳೆಯಬೇಕಾಗಿತ್ತು, 1974ರ ಭೂಸುಧಾರಣೆಯ ಕಾನೂನು ಗೇಣಿಯ ಪದ್ಧತಿಯನ್ನು ಕೊನೆಗಾಣಿಸಿತು ಎಂಬುದನ್ನೂ ಕೂಡಿಸಿದರೆ ಆ ಮುಡಿಯೊಳಗೆ ಒಂದು ಸೀಮೆಯ ಚರಿತ್ರೆಯೇ ಅಡಗಿರುವುದು. ಮುಡಿಯನ್ನು ಸಂಗ್ರಹಾಲಯವು ಇಟ್ಟುಕೊಳ್ಳಬಲ್ಲುದು; ಉತ್ತರವಾದರೋ ಮನೆಯ ಹಿರಿಯರಿಂದಲೇ ಬರಬೇಕು.

ಇಂಥ ಕಾರ್ಯದಲ್ಲಿ ಸ್ತ್ರೀಯರ ಪಾಲು ಅಲ್ಪವಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ ಮೊದಲಾದ ಜೈನ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದುವು. 1896ರಲ್ಲಿ ಅವುಗಳ ಪ್ರತಿ ಮಾಡುವ ಕೆಲಸವು ಆರಂಭವಾಯಿತು. ಪ್ರತಿಕಾರರಾದ ಗಜಪತಿ ಉಪಾಧ್ಯಾಯರು ತಮ್ಮ ವಿದ್ಯಾವತಿಯಾದ ಪತ್ನಿ ಲಕ್ಷ್ಮೀಬಾಯಿಯವರ ಸಹಾಯದಿಂದ ಗುಪ್ತವಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರಕ್ಕೆ ತಲಪಿ, ಅಲ್ಲಿಂದ ಹಬ್ಬಿದ ಪ್ರತಿಗಳ ಆಧಾರದಿಂದ 1939ರಲ್ಲಿ ಧವಲೆಯ ಮೊದಲ ಸಂಪುಟವು ಅಚ್ಚಾಯಿತು. ಗುಪ್ತವಾಗಿ ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ವಿದ್ವಾಂಸರಿಗೆ ಬಿಡೋಣ. ಅಕ್ಷರ ಬಲ್ಲ ಒಬ್ಬ ಗೃಹಿಣಿಯ ಲೇಖನಿಯಿಂದ ಇಷ್ಟಾಯಿತೆಂಬುದನ್ನು ಮಾತ್ರ ಹೆಣ್ಣುಮಕ್ಕಳ ಶಾಲೆಯವರು ಮರೆಯಬಾರದು.

ಶಿರ್ತಾಡಿಯ ಆಸುಪಾಸಿನಲ್ಲಿ ಹಳೆಯ ಮನೆಗಳು ಬಿದ್ದು ಹೊಸ ಮನೆಗಳು ಏಳುತ್ತಿರುವುವು. ಅಟ್ಟದಿಂದ ಇಳಿಯುವ ಗೊರಬು, ತಡ್ಪೆ, ಕಳಸೆ, ಚೆನ್ನೆಮಣೆ, ಹಳೆಯ ಪ್ರಾರ್ಥನೆಯ ಪುಸ್ತಕ, ಮದುವೆಯ ಪಟ, ಗೇಣಿಚೀಟು ಇವು ಒಲೆಗೋ ಗುಜರಿಗೋ ಸಲ್ಲುವುವು. ಇವುಗಳನ್ನು ಬಲ್ಲ ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಸಾಮಾನು ಹೋದರೆ ಬೇರೆ ಊರಿನಲ್ಲಿ ಅಂಥದ್ದೇ ಇನ್ನೊಂದು ಸಿಕ್ಕೀತು. ಹೇಳುವವರು ಹೋದ ಮೇಲೆ ಕೇಳುವುದು ಯಾರನ್ನು?

ಆದುದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಹೆತ್ತವರೂ ನಾಲ್ಕೈದು ಮನೆಗಳಿಗೆ ಒಂದು ಕೂಟವಾಗಿ ಸೇರಿ ಈ ಕೆಲಸವನ್ನು ಆರಂಭಿಸಬಹುದು. ಇದಕ್ಕೆ ಕಟ್ಟಡವೂ ಬೇಡ, ದೊಡ್ಡ ಚಂದಾವೂ ಬೇಡ; ಒಂದು ಗಟ್ಟಿ ನೋಟುಪುಸ್ತಕ ಸಾಕು. ಪ್ರತಿಯೊಂದು ವಸ್ತುವಿನ ಎದುರಿಗೆ, ತುಳುವಿನಲ್ಲಾಗಲಿ ಕೊಂಕಣಿಯಲ್ಲಾಗಲಿ ಮನೆಯಲ್ಲಿ ಅದನ್ನು ಕರೆಯುವ ಹೆಸರು, ಯಾರು ಯಾವ ಕೆಲಸಕ್ಕೆ ಉಪಯೋಗಿಸುತ್ತಿದ್ದರು, ಯಾವ ಕಾಲದಲ್ಲಿ, ಈ ಸಂಗತಿಯನ್ನು ಹೇಳಿದವರು ಯಾರು ಎಂಬ ನಾಲ್ಕು ವಿಷಯಗಳನ್ನು ಬರೆಯಿರಿ. ಪಟದ ಹಿಂಬದಿಯಲ್ಲಿ ಶಾಯಿಯಿಂದ ಬರೆಯದೆ ಮೆತ್ತನೆಯ ಪೆನ್ಸಿಲಿನಿಂದ ಹೆಸರುಗಳನ್ನು ಬರೆಯಿರಿ. ತಾಳೆಯೋಲೆ ಸಿಕ್ಕಿದರೆ ನೀರಿನಿಂದ ತೊಳೆಯಬೇಡಿರಿ, ಬಿಸಿಲಿಗೂ ಹಾಕಬೇಡಿರಿ. ಮೂಡುಬಿದಿರೆಯ ರಮಾರಾಣಿ ಜೈನ ಶೋಧ ಸಂಸ್ಥಾನದಂಥ ಸ್ಥಳದಲ್ಲಿ ಬಲ್ಲವರಿಗೆ ತೋರಿಸಿರಿ. ಕೊಡಲು ಮನಸ್ಸಿಲ್ಲದ ವಸ್ತುವು ಮನೆಯಲ್ಲಿಯೇ ಇರಲಿ. ಅದರ ಸಂಗತಿಯು ಮಾತ್ರ ಪುಸ್ತಕದಲ್ಲಿ ಸೇರಲಿ.

ಬರೆಯುವುದನ್ನೂ ಓದುವುದನ್ನೂ ಶಾಲೆಯು ನಮಗೆ ಕಲಿಸಿತು. ಮನೆಯ ಹಿರಿಯರಲ್ಲಿ ಅನೇಕರಿಗೆ ಆ ಭಾಗ್ಯವು ದೊರೆಯಲಿಲ್ಲ. ಅವರು ಬಲ್ಲದ್ದೆಲ್ಲವೂ ಬಾಯಿಯಲ್ಲಿಯೇ ಇರುವುದು. ಅವರ ಮಾತು ನಮ್ಮ ಅಕ್ಷರಕ್ಕೆ ಇಳಿಯುವುದೇ ನಾವು ಅವರಿಗೆ ಸಲ್ಲಿಸತಕ್ಕ ಋಣ. ಬರುವ ರಜೆಯಲ್ಲಿ ಊರಿಗೆ ಬರುವವರು ಒಬ್ಬ ಹಿರಿಯರ ಬಳಿಯಾದರೂ ಕುಳಿತು ಕೇಳಿ ಬರೆದುಕೊಳ್ಳುವರಾಗಲಿ. ಕೃಪಾಳುವಾದ ದೇವರು ಈ ಕಾರ್ಯವನ್ನು ಆಶೀರ್ವದಿಸಲಿ.