ಒಂದು ಸಂಜೆಗೆ ಬೇಕಾದ ಯಂತ್ರಗಳು

ಗಣಕಯಂತ್ರಗಳನ್ನು ಸ್ವಂತಕ್ಕೆ ಕೊಳ್ಳದೆ, ಬೇರೊಬ್ಬರು ಕಟ್ಟಿ ನಡೆಸುವ ಯಂತ್ರಾಗಾರದಿಂದ ಬೇಕಾದಷ್ಟು ಗಣನಶಕ್ತಿಯನ್ನೂ ಸಂಗ್ರಹದ ಜಾಗವನ್ನೂ ಅಂತರಜಾಲದ ಮೂಲಕ ಪಡೆದು, ಬಳಸಿದಷ್ಟು ಹೊತ್ತಿಗೆ ಮಾತ್ರ ಬಾಡಿಗೆ ಕೊಡುವ ಏರ್ಪಾಡಿಗೆ ಕ್ಲೌಡ್ ಕಂಪ್ಯೂಟಿಂಗ್ ಎಂದು ಹೆಸರು. ಮಗಳ ಮದುವೆಗೆಂದು ಐನೂರು ಜನರ ಅಡುಗೆಯ ಕೊಪ್ಪರಿಗೆಗಳನ್ನು ಯಾರೂ ಕೊಂಡು ಅಟ್ಟಕ್ಕೇರಿಸುವುದಿಲ್ಲ. ಶಾಮಿಯಾನದ ಅಂಗಡಿಯಿಂದ ತಂದು, ಮರುದಿನ ತೊಳೆದು ಹಿಂದಿರುಗಿಸುತ್ತಾರೆ. ವ್ಯಾಖ್ಯೆಯ ಮಟ್ಟಿಗೆ ಇಷ್ಟು ಸಾಕು.

ಹೆಸರಿನಲ್ಲಿ ಮೋಡವಿದ್ದರೂ ವಸ್ತು ಇರುವುದು ನೆಲದ ಮೇಲೆ. ಜಾಲದ ನಕ್ಷೆ ಬಿಡಿಸುವ ಎಂಜಿನಿಯರುಗಳು, ತಮಗೆ ವಿವರ ಬೇಡವಾದ ಭಾಗವನ್ನು ಮೋಡದ ಆಕಾರದಲ್ಲಿ ಗೀಚಿ ಬಿಡುತ್ತಿದ್ದ ಅಭ್ಯಾಸದಿಂದ ಬಂದ ಹೆಸರು ಅದು. ನವಿ ಮುಂಬೈಯ ಐರೋಲಿ, ರಬಾಳೆ, ಮಹಾಪೆಗಳ ಕೈಗಾರಿಕಾ ಪಟ್ಟಿಯಲ್ಲಿ ಹಾದುಹೋಗುವವರಿಗೆ ಕಿಟಕಿಗಳೇ ಇಲ್ಲದ ಎತ್ತರದ ಗೋಡೆಗಳು, ಸಾಲು ಡೀಸೆಲ್ ಜನರೇಟರುಗಳು, ಹಗಲಿರುಳು ಗುಂಯ್‌ಗುಡುವ ಶೀತಕ ಯಂತ್ರಗಳು ಕಾಣುತ್ತವೆ. ಈ ಡೇಟಾ ಸೆಂಟರುಗಳೇ ಕ್ಲೌಡ್‌ನ ಮೈ. ಭಾರತವನ್ನು ಹೊರಜಗತ್ತಿಗೆ ಜೋಡಿಸುವ ಹಲವು ಸಮುದ್ರತಳದ ಕೇಬಲ್‌ಗಳು ವರ್ಸೋವಾ ಮುಂತಾದ ಕಡೆ ಮುಂಬೈ ದಡವನ್ನೇ ಸೇರುವುದರಿಂದ ಈ ಉದ್ಯಮಕ್ಕೆ ಮೊದಲಿನಿಂದಲೂ ಮುಂಬೈ ಮೆಚ್ಚಿನ ಜಾಗ. ಅಮೆಜಾನ್ ವೆಬ್ ಸರ್ವಿಸಸ್ ಭಾರತದಲ್ಲಿ ತನ್ನ ಮೊದಲ ಯಂತ್ರಾಗಾರ ಸಮೂಹವನ್ನು 2016ರ ಜೂನ್‌ನಲ್ಲಿ ಇಲ್ಲಿಯೇ ತೆರೆಯಿತು. ಮರುವರ್ಷ ಗೂಗಲ್ ಕೂಡ ಇಲ್ಲಿಗೇ ಬಂತು.

ಈ ಬಾಡಿಗೆಯ ಯಂತ್ರಗಳು ಮನರಂಜನೆಯ ಉದ್ಯಮಕ್ಕೆ ವಿಶೇಷವಾಗಿ ಒಗ್ಗುವುದಕ್ಕೆ ಕಾರಣ ಆ ಉದ್ಯಮದ ಸ್ವಭಾವದಲ್ಲಿದೆ. ಇಂದು ಹಲವು ಮಾಧ್ಯಮ ಕಚೇರಿಗಳಿರುವ ಮುಂಬೈಯ ಲೋವರ್ ಪರೇಲ್ ಒಂದು ಕಾಲಕ್ಕೆ ಹತ್ತಿಗಿರಣಿಗಳ ಊರು. ಗಿರಣಿಯ ಮಾಲೀಕ ಮಗ್ಗಗಳನ್ನು ಕೊಂಡ ಮೇಲೆ ಅವು ಓಡಿದರೂ ಓಡದಿದ್ದರೂ ಬಂಡವಾಳ ಅಲ್ಲಿಯೇ ಸಿಕ್ಕಿಕೊಂಡಿರುತ್ತಿತ್ತು. ಬಟ್ಟೆಯನ್ನಾದರೂ ನೇಯ್ದು ಗೋದಾಮಿನಲ್ಲಿ ಒಟ್ಟಬಹುದಿತ್ತು. ಕ್ರಿಕೆಟ್ ಪಂದ್ಯದ ನೇರ ಪ್ರಸಾರವನ್ನು ಹಿಂದಿನ ದಿನವೇ ನೇಯ್ದು ಇಡುವಂತಿಲ್ಲ. ಬೇಡಿಕೆ ಒಂದು ಸಂಜೆ ಬೆಟ್ಟದಷ್ಟು ಏರಿ, ಮರುದಿನ ಬೆಳಿಗ್ಗೆ ಬಯಲಾಗುತ್ತದೆ. 2023ರ ಐಪಿಎಲ್‌ ಅನ್ನು ಜಿಯೋಸಿನೆಮಾ ಕನ್ನಡವೂ ಸೇರಿದಂತೆ 12 ಭಾಷೆಗಳಲ್ಲಿ ಬಿತ್ತರಿಸಿತು. ಫೋನಿಗೊಂದು, ದೊಡ್ಡ ಟಿವಿಗೊಂದು, ಕುಂಟುವ ಜಾಲಕ್ಕೆ ಇನ್ನೊಂದು ಎಂದು ಭಾಷೆಗೆ ಆರು ಗಾತ್ರದ ಪ್ರತಿಗಳು ಬೇಕೆಂದುಕೊಂಡರೂ, ಒಂದೇ ಪಂದ್ಯದ 72 ಪ್ರತಿಗಳನ್ನು ಒಟ್ಟೊಟ್ಟಿಗೆ ತಯಾರಿಸುವ ಯಂತ್ರಗಳು ಬೇಕು. ಟೂರ್ನಿ ಮುಗಿದ ಮೇಲೆ ಅವುಗಳಿಗೆ ಕೆಲಸವಿಲ್ಲ.

ಚಲನಚಿತ್ರದ ದೃಶ್ಯಪರಿಣಾಮದ ಕೆಲಸದಲ್ಲಿ ಇದೇ ಲೆಕ್ಕ ಇನ್ನೊಂದು ಬಗೆಯಲ್ಲಿ ಒಲಿಯುತ್ತದೆ. 1997ರಲ್ಲಿ ಮುಂಬೈಯಲ್ಲಿ ಆರಂಭವಾದ ಪ್ರೈಮ್ ಫೋಕಸ್ 2014ರಲ್ಲಿ ಲಂಡನ್ನಿನ ಡಬಲ್ ನೆಗೆಟಿವ್ ಜತೆ ಒಂದಾದ ಮೇಲಂತೂ ಹಾಲಿವುಡ್ಡಿನ ಕೆಲಸವೂ ಈ ನಗರಕ್ಕೆ ಹರಿದುಬಂದಿದೆ. ಗಣಕದಲ್ಲಿ ಕಟ್ಟಿದ ಮಾದರಿಗೆ ಬೆಳಕು, ನೆರಳು, ಹೊಗೆಗಳ ಲೆಕ್ಕ ಹಾಕಿ ಒಂದೊಂದೇ ಚೌಕಟ್ಟನ್ನು ಚಿತ್ರವಾಗಿ ಹೊರತೆಗೆಯುವುದಕ್ಕೆ ರೆಂಡರಿಂಗ್ ಎನ್ನುತ್ತಾರೆ. ಸೆಕೆಂಡಿಗೆ 24 ಚೌಕಟ್ಟಿನಂತೆ ಒಂದು ನಿಮಿಷಕ್ಕೆ 1,440. ಒಂದೊಂದಕ್ಕೆ ಐದು ಗಂಟೆ ಹಿಡಿಯುತ್ತದೆಂದುಕೊಂಡರೆ ಒಟ್ಟು 7,200 ಗಂಟೆ, ಅಂದರೆ ಒಂದೇ ಯಂತ್ರಕ್ಕೆ 300 ದಿನಗಳ ದುಡಿಮೆ. ಒಂದು ಚೌಕಟ್ಟು ಇನ್ನೊಂದಕ್ಕಾಗಿ ಕಾಯಬೇಕಿಲ್ಲವಾದ್ದರಿಂದ 300 ಯಂತ್ರಗಳಿಗೆ ಹಂಚಿದರೆ ಅದೇ ಕೆಲಸ ಒಂದೇ ದಿನಕ್ಕೆ ಮುಗಿಯುತ್ತದೆ. ಸೊಗಸಿರುವುದು ಇಲ್ಲಿ: ಗಂಟೆಯ ಲೆಕ್ಕದ ಬಾಡಿಗೆಯಲ್ಲಿ ಎರಡಕ್ಕೂ ಬಿಲ್ಲು ಒಂದೇ! ಬಿಡುಗಡೆಯ ದಿನ ಕುತ್ತಿಗೆಗೆ ಬಂದಿರುವ ನಿರ್ಮಾಪಕನಿಗೆ ಇದು ವರವೇ ಸರಿ, ಯಂತ್ರಕ್ಕಿಷ್ಟು ಎಂದು ಸಾಫ್ಟ್‌ವೇರ್ ಕಂಪನಿ ಪರವಾನಗಿ ಶುಲ್ಕ ಕೇಳದಿದ್ದರೆ.

ಆದರೆ ಜನ ಹೆಚ್ಚಿದಂತೆ ಕ್ಲೌಡ್ ತಾನಾಗಿಯೇ ಹಿಗ್ಗುತ್ತದೆ, ಕರಗಿದಂತೆ ತಾನಾಗಿಯೇ ಕುಗ್ಗುತ್ತದೆ ಎಂಬ ನಂಬಿಕೆಯಲ್ಲಿ ಬಹುತೇಕ ಎಲ್ಲರೂ ಎಡವುತ್ತಾರೆ. ಇದನ್ನು ಬಿಡಿಸಿ ನೋಡಲು 2019ರ ವಿಶ್ವಕಪ್ ಸೆಮಿಫೈನಲ್‌ಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಮ್ಯಾಂಚೆಸ್ಟರಿನಲ್ಲಿ ಜುಲೈ 9ರಂದು ಮಳೆಯಿಂದ ನಿಂತ ಆಟ ಮರುದಿನ ಮುಂದುವರಿದು, ನ್ಯೂಜಿಲೆಂಡ್ ಕೊಟ್ಟ 240ರ ಗುರಿಯೆದುರು ಭಾರತದ ಮೊದಲ ಮೂವರೂ ತಲಾ ಒಂದೊಂದು ರನ್ನಿಗೆ ಔಟಾಗಿದ್ದರು. ಜಡೇಜ, ಧೋನಿಯರ ಜತೆಯಾಟದಿಂದ ಆಸೆ ಚಿಗುರಿದಂತೆ ಜನ ನುಗ್ಗಿ ಬಂದು, ಪಂದ್ಯದ ನೇರ ಪ್ರಸಾರದ ಆ್ಯಪ್ ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ ನೋಡುತ್ತಿದ್ದವರ ಸಂಖ್ಯೆ 2.53 ಕೋಟಿಗೆ ಮುಟ್ಟಿತು; ಆ ಹೊತ್ತಿಗೆ ಅದು ವಿಶ್ವದಾಖಲೆ. 49ನೆಯ ಓವರಿನಲ್ಲಿ ಕ್ಷೇತ್ರರಕ್ಷಕ ಗಪ್ಟಿಲ್ ಎಸೆತಕ್ಕೆ ಧೋನಿ ರನ್ ಔಟಾದದ್ದೇ ತಡ, ಬಂದವರು ಹಿಂಡು ಹಿಂಡಾಗಿ ಎದ್ದುಹೋದರು.

ಹೀಗೆ ಎದ್ದುಹೋಗುವವರ ಬೆರಳನ್ನು ಗಮನಿಸಬೇಕು. ಹೆಚ್ಚಿನವರು ಆ್ಯಪ್ ಮುಚ್ಚುವುದಿಲ್ಲ. ಹಿಂದಕ್ಕೆ ಹೋಗುವ ಗುಂಡಿ ಒತ್ತುತ್ತಾರೆ, ಮುಖಪುಟಕ್ಕೆ ಬಂದು ಬೀಳುತ್ತಾರೆ. ಪಂದ್ಯದ ವಿಡಿಯೊ ಎಲ್ಲರಿಗೂ ಒಂದೇ ಆದ್ದರಿಂದ ಅದನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಊರೂರಿನ ಜಾಲದ ಬಳಿಯೇ ನಕಲು ಇಟ್ಟುಕೊಳ್ಳುವ ವಿತರಣಾ ಸರ್ವರ್‌ಗಳಿಂದ ಹಂಚಲಾಗುತ್ತದೆ. ಹುಬ್ಬಳ್ಳಿಯ ವೀಕ್ಷಕನಿಗೆ ಹೋಗುವ ತುಣುಕೇ ಪಕ್ಕದ ಮನೆಯವನಿಗೂ ಹೋಗುತ್ತದೆ. ಮುಖಪುಟ ಹಾಗಲ್ಲ. ಅರ್ಧಕ್ಕೆ ಬಿಟ್ಟ ಧಾರಾವಾಹಿ, ಭಾಷೆಯ ಆಯ್ಕೆ, ಚಂದಾದ ಅವಧಿ, ನೋಡಬಹುದಾದ ಸಿನಿಮಾಗಳ ಶಿಫಾರಸು, ಇವೆಲ್ಲ ಒಬ್ಬೊಬ್ಬರಿಗೆ ಒಂದೊಂದು ಬಗೆ. ನಕಲಿನಿಂದ ಕೊಡುವಂತಿಲ್ಲ, ಕ್ಲೌಡ್‌ನ ನಡುಮನೆಗೇ ಬಂದು ಕೇಳಬೇಕು. ಹೀಗಾಗಿ ವಿಡಿಯೊದ ಹೊರೆ ಇಳಿಯುವ ಗಳಿಗೆಯಲ್ಲಿಯೇ ಮುಖಪುಟದ ಹೊರೆ ಏರುತ್ತದೆ. ಅಂಗಳ ಖಾಲಿಯಾಗುವಾಗಲೇ ಬಾಗಿಲಲ್ಲಿ ನೂಕುನುಗ್ಗಲು!

ತಾನಾಗಿಯೇ ಹಿಗ್ಗುವ ವ್ಯವಸ್ಥೆ ಇಲ್ಲಿ ಎರಡು ರೀತಿಯಲ್ಲಿ ಸೋಲಬಹುದು. ಯಂತ್ರಗಳು ದಣಿದಿವೆಯೆಂದು ಅದು ಅಳೆದು ತಿಳಿದು, ಹೊಸ ಯಂತ್ರವನ್ನು ಎಬ್ಬಿಸಿ, ತಂತ್ರಾಂಶ ತುಂಬಿ, ಸರದಿಗೆ ಸೇರಿಸುವಷ್ಟರಲ್ಲಿ ನಿಮಿಷಗಳು ಕಳೆದಿರುತ್ತವೆ. ಅಷ್ಟರಲ್ಲಿ ಲಕ್ಷಾಂತರ ಜನ ಬಂದಿರುತ್ತಾರೆ, ಇಲ್ಲವೇ ಬೇಸತ್ತು ಹೋಗಿರುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ಮಳೆ ಬಂದು ವೀಕ್ಷಕರು ಚದುರಿದ್ದನ್ನು ಕಂಡು ಅದು ಯಂತ್ರಗಳನ್ನು ಮನೆಗೆ ಕಳಿಸಿಬಿಟ್ಟರೆ, ಆಟ ಮತ್ತೆ ಶುರುವಾದಾಗ ಒಲೆಯೇ ಹಚ್ಚಿರುವುದಿಲ್ಲ. ಆದ್ದರಿಂದ ಇಂಥ ವೇದಿಕೆಗಳು ಟಾಸ್‌ಗೆ ಮುಂಚೆಯೇ ಯಂತ್ರಗಳನ್ನು ಎಬ್ಬಿಸಿ ಕೂರಿಸುತ್ತವೆ. ಇಷ್ಟು ವೀಕ್ಷಕರಿಗೆ ಇಷ್ಟು ಯಂತ್ರವೆಂಬ ಪಟ್ಟಿಯನ್ನು ಮೊದಲೇ ಬರೆದಿಟ್ಟು, ಪಂದ್ಯ ಮುಗಿಯುವ ತನಕ ಇಳಿಸುವ ಮಾತೆತ್ತುವುದಿಲ್ಲ. ಹೊರೆ ಮಿತಿಮೀರಿದರೆ, ಪಂಕ್ತಿಯಲ್ಲಿ ಜನ ಹೆಚ್ಚಾದಾಗ ಹಪ್ಪಳ, ಕೋಸಂಬರಿ ನಿಲ್ಲಿಸಿ ಅನ್ನಸಾರನ್ನು ಮಾತ್ರ ಬಡಿಸುವಂತೆ, ಶಿಫಾರಸಿನಂಥ ಸೌಕರ್ಯಗಳನ್ನು ಸ್ಥಗಿತಗೊಳಿಸಿ ಪಂದ್ಯವನ್ನು ಉಳಿಸಿಕೊಳ್ಳುತ್ತವೆ. ಹಾಟ್‌ಸ್ಟಾರ್‌ನ ಎಂಜಿನಿಯರುಗಳು ಕೃತಕ ವೀಕ್ಷಕರ ದಂಡನ್ನೇ ಸೃಷ್ಟಿಸಿ ತಮ್ಮ ವ್ಯವಸ್ಥೆಯ ಮೇಲೆ ನುಗ್ಗಿಸುವ ತಾಲೀಮಿಗೆ ಪ್ರಾಜೆಕ್ಟ್ ಹಲ್ಕ್ ಎಂದು ಹೆಸರಿಟ್ಟಿದ್ದರು. ಶಾಮಿಯಾನದ ಅಂಗಡಿಯಲ್ಲೂ ಕೊಪ್ಪರಿಗೆಗಳಿಗೆ ಲೆಕ್ಕವಿದೆ ಎಂಬುದನ್ನು ಮರೆಯಬಾರದು. ಒಂದೇ ಮಾದರಿಯ ಸಾವಿರಾರು ಯಂತ್ರಗಳನ್ನು ಒಮ್ಮೆಗೇ ಕೇಳಿದರೆ ಕ್ಲೌಡ್‌ನಲ್ಲೂ ದಾಸ್ತಾನು ಮುಗಿಯುತ್ತದೆ.

ಅಗ್ಗವೆಂಬ ಕಾರಣಕ್ಕೆ ಕ್ಲೌಡ್ ಹಿಡಿಯುವುದೂ ಅಂಥದೇ ಎಡವಟ್ಟು. ವರ್ಷವಿಡೀ ಒಂದೇ ಸಮನೆ ಓಡುವ ವಾರ್ತಾವಾಹಿನಿಯ ಪ್ರಸಾರಕ್ಕೆ ಸ್ವಂತ ಯಂತ್ರವೇ ಅಗ್ಗವಾಗುವುದುಂಟು. ದಿನಾಲೂ ಅಡುಗೆ ಮಾಡುವ ಹೋಟೆಲಿನವರು ಪಾತ್ರೆಯನ್ನು ಬಾಡಿಗೆಗೆ ತರುವುದಿಲ್ಲವಲ್ಲ. ಹಳೆಯ ಕಂತುಗಳನ್ನು ಕ್ಲೌಡ್‌ನ ಶೀತಲ ಸಂಗ್ರಹದಲ್ಲಿಡುವುದು ಬಲು ಸೋವಿ, ಆದರೆ ಹೊರತೆಗೆಯಲು ಗಂಟೆಗಟ್ಟಲೆ ಕಾಯಬೇಕಾಗಬಹುದು, ಹೊರಗೆ ಹರಿದ ಪ್ರತಿ ಗಿಗಾಬೈಟಿಗೂ ಹಣ ತೆರಬೇಕು. ಕ್ಲೌಡ್ ಮಾರುವುದು ಅಗ್ಗದ ಯಂತ್ರವನ್ನಲ್ಲ, ಬೇಡವಾದಾಗ ಬಿಟ್ಟುಬಿಡುವ ಹಕ್ಕನ್ನು.

2023ರ ನವೆಂಬರ್ 15ರಂದು ಮುಂಬೈಯ ವಾಂಖೆಡೆಯಲ್ಲಿ ಭಾರತ, ನ್ಯೂಜಿಲೆಂಡ್‌ಗಳು ಮತ್ತೆ ವಿಶ್ವಕಪ್ ಸೆಮಿಫೈನಲ್ ಆಡಿದಾಗ ಹಾಟ್‌ಸ್ಟಾರ್‌ನ ಏಕಕಾಲಿಕ ವೀಕ್ಷಕರ ಸಂಖ್ಯೆ 5.3 ಕೋಟಿಗೂ, ನಾಲ್ಕು ದಿನಗಳ ನಂತರದ ಫೈನಲ್‌ನಲ್ಲಿ 5.9 ಕೋಟಿಗೂ ಏರಿತು. ಒಬ್ಬೊಬ್ಬರಿಗೆ ಸೆಕೆಂಡಿಗೆ ಒಂದೇ ಮೆಗಾಬಿಟ್ ಎಂದು ಹಿಡಿದರೂ ಸೆಕೆಂಡಿಗೆ 59 ಟೆರಾಬಿಟ್ ಹರಿಯಬೇಕು. ಇಷ್ಟೆಲ್ಲ ಬಲವಿದ್ದರೂ, ಮೈದಾನದ ಪಕ್ಕದ ಚರ್ಚ್‌ಗೇಟ್ ನಿಲ್ದಾಣದಲ್ಲಿ ಫೋನ್ ಹಿಡಿದು ನಿಂತವರಿಗೆ ಸ್ಟೇಡಿಯಂನ ಹುಯಿಲು ಮೊದಲು ಕೇಳಿ, ಚೆಂಡು ಆಮೇಲೆ ಕಾಣುತ್ತದೆ. ತುಣುಕು ಕತ್ತರಿಸುವುದಕ್ಕೆ, ಬೇರೆ ಬೇರೆ ಗಾತ್ರಕ್ಕೆ ಇಳಿಸುವುದಕ್ಕೆ, ಎರಡು ಮೂರು ತುಣುಕುಗಳನ್ನು ಫೋನಿನಲ್ಲಿ ಮುಂಗಡ ಕೂಡಿಡುವುದಕ್ಕೆ ತಗಲುವ ಹೊತ್ತೇ ಈ ತಡಕ್ಕೆ ಕಾರಣ. ಆಸಕ್ತರು ಮುಂದಿನ ಪಂದ್ಯದ ದಿನ ಟಿವಿ, ರೇಡಿಯೊ, ಎರಡು ಬೇರೆ ಜಾಲಗಳ ಫೋನ್‌ಗಳನ್ನು ಪಕ್ಕಪಕ್ಕ ಇಟ್ಟು, ಒಂದೇ ವಿಕೆಟ್ ಯಾವುದರಲ್ಲಿ ಎಷ್ಟು ಸೆಕೆಂಡು ತಡವಾಗಿ ಬೀಳುತ್ತದೆಂದು ಬರೆದುಕೊಳ್ಳಲಿ. ಶಾಲೆಯ ಮಕ್ಕಳೂ ಮಾಡಬಹುದಾದ ಈ ಅಳತೆಯನ್ನು ನಾಲ್ಕಾರು ಊರುಗಳಿಂದ ಕಲೆಹಾಕಿದರೆ, ಆ ಸೆಕೆಂಡುಗಳಲ್ಲಿ ಕೇಬಲ್‌ನ ಪಾಲೆಷ್ಟು, ಫೋನಿನ ಪಾಲೆಷ್ಟು ಎಂದು ಬಿಡಿಸಲು ಕೂರಬಹುದು.