ಲೈಂಗಿಕ ಸೋಂಕುಗಳು ಮತ್ತು ಸ್ತ್ರೀಯರಲ್ಲಿ ಬಂಜೆತನ

ಗರ್ಭನಿರೋಧಕಗಳನ್ನು ಬಳಸದೆ ಒಂದು ವರ್ಷ ದಾಂಪತ್ಯ ನಡೆಸಿದರೂ ಗರ್ಭ ನಿಲ್ಲದಿದ್ದಲ್ಲಿ ಅದನ್ನು ವೈದ್ಯಶಾಸ್ತ್ರವು ಬಂಜೆತನವೆಂದು ಪರಿಗಣಿಸುತ್ತದೆ. ಸ್ತ್ರೀಯರಲ್ಲಿ ಇದರ ಮುಖ್ಯ ಕಾರಣಗಳಲ್ಲೊಂದು ಗರ್ಭನಾಳಗಳು ಮುಚ್ಚಿಕೊಳ್ಳುವುದು. ವರ್ಷಗಳ ಹಿಂದೆ ತಗುಲಿ, ಗಮನಕ್ಕೆ ಬಾರದೇ ಹೋದ ಲೈಂಗಿಕ ಸೋಂಕು ಅನೇಕ ವೇಳೆ ಇದಕ್ಕೆ ಕಾರಣವಾಗಿರುತ್ತದೆ.

ಗೊನೋರಿಯ ಹಾಗೂ ಕ್ಲಮೀಡಿಯ ಸೋಂಕುಗಳು ಗರ್ಭಕೊರಳಿನಲ್ಲಿ ಆರಂಭವಾಗುತ್ತವೆ. ಬಹಳಷ್ಟು ಸ್ತ್ರೀಯರಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಚಿಕಿತ್ಸೆ ದೊರೆಯದಿದ್ದಲ್ಲಿ ಸೋಂಕು ಗರ್ಭಕೋಶದ ಮೂಲಕ ಗರ್ಭನಾಳಗಳಿಗೆ ಏರಿ ಉರಿಯೂತವನ್ನು ಉಂಟುಮಾಡಬಹುದು. ಉರಿಯೂತ ಮಾಗುವಾಗ ಉಳಿಯುವ ಕಲೆಗಟ್ಟಿದ ಅಂಗಾಂಶವು ನಾಳವನ್ನು ಕಿರಿದುಗೊಳಿಸುತ್ತದೆ ಅಥವಾ ಪೂರ್ಣವಾಗಿ ಮುಚ್ಚುತ್ತದೆ. ಪೂರ್ಣ ಮುಚ್ಚಿದಲ್ಲಿ ಅಂಡಾಣು ಮತ್ತು ವೀರ್ಯಾಣು ಸೇರಲಾರವು. ಕಿರಿದಾಗಿದ್ದಲ್ಲಿ ಗರ್ಭವು ನಾಳದಲ್ಲಿಯೇ ಬೆಳೆದು, ನಾಳವೊಡೆದು, ಪ್ರಾಣಾಪಾಯ ಒದಗಬಹುದು. ಔಷಧವು ರೋಗಾಣುವನ್ನು ನಾಶಪಡಿಸುತ್ತದೆ. ಒಮ್ಮೆ ಉಂಟಾದ ಕಲೆಯನ್ನು ಅಳಿಸುವುದಿಲ್ಲ. ಆದುದರಿಂದ ಚಿಕಿತ್ಸೆಯ ವಿಳಂಬವೇ ಹೆಚ್ಚಿನ ಹಾನಿಗೆ ಕಾರಣ.

ಕಿಬ್ಬೊಟ್ಟೆಯ ನೋವು, ದುರ್ವಾಸನೆಯ ಸ್ರಾವ, ಸಂಭೋಗಾನಂತರದ ರಕ್ತಸ್ರಾವ, ಉರಿಮೂತ್ರ ಇವು ಕಂಡಲ್ಲಿ ತಡಮಾಡದೆ ಪರೀಕ್ಷಿಸಿಕೊಳ್ಳತಕ್ಕದ್ದು. ಬಿಳಿಸೆರಗೆಲ್ಲವೂ ಲೈಂಗಿಕ ರೋಗವಲ್ಲ; ಔಷಧದ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವುದರಿಂದ ರೋಗ ಅರ್ಧಕ್ಕೇ ಅಡಗಿ, ಒಳಗೆ ಉಳಿಯುವ ಸಂಭವವುಂಟು.

ಚಾಮರಾಜಪೇಟೆ, ಬಸವನಗುಡಿಯ ನಿವಾಸಿಗಳು 1935ರಿಂದ ಸೇವೆ ಸಲ್ಲಿಸುತ್ತಿರುವ ವಾಣಿವಿಲಾಸ ಆಸ್ಪತ್ರೆಯ ಸ್ತ್ರೀರೋಗ ವಿಭಾಗವನ್ನೂ, ಮಲ್ಲೇಶ್ವರದವರು ಕೆ.ಸಿ. ಜನರಲ್ ಆಸ್ಪತ್ರೆಯನ್ನೂ ಸಂಪರ್ಕಿಸಬಹುದು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲೈಂಗಿಕ ಸೋಂಕುಗಳಿಗೆ ಉಚಿತ ಚಿಕಿತ್ಸೆ ಮತ್ತು ಆಪ್ತಸಮಾಲೋಚನೆ ಲಭ್ಯವಿದೆ. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಔಷಧಗಳನ್ನು ಬಣ್ಣದ ಪೊಟ್ಟಣಗಳಲ್ಲಿ ಒದಗಿಸಲಾಗುತ್ತದೆ. ಕಿಬ್ಬೊಟ್ಟೆಯ ಸೋಂಕಿಗೆ ನಿಗದಿಯಾಗಿರುವುದು ಹಳದಿ ಬಣ್ಣದ 6ನೆಯ ಪೊಟ್ಟಣ. ನೋವು ಶಮನವಾಯಿತೆಂದು ಮಾತ್ರೆಗಳನ್ನು ನಡುವೆ ನಿಲ್ಲಿಸಬಾರದು. ಲಕ್ಷಣಗಳಿಲ್ಲದಿದ್ದರೂ ಪತಿಯು ಜೊತೆಯಲ್ಲಿಯೇ ಚಿಕಿತ್ಸೆ ಪಡೆಯಬೇಕು. ಇಲ್ಲವಾದಲ್ಲಿ ಗುಣವಾದ ಪತ್ನಿಗೆ ಸೋಂಕು ಮರಳಿ ತಗುಲುತ್ತದೆ.

ಗರ್ಭನಾಳ ತೆರೆದಿದೆಯೇ ಎಂಬುದನ್ನು ಗರ್ಭಕೋಶಕ್ಕೆ ವಿಶೇಷ ದ್ರಾವಣ ಹಾಯಿಸಿ ತೆಗೆಯುವ ಎಕ್ಸ್‌ರೇಯಿಂದ ತಿಳಿಯಬಹುದು. ನಾಳ ಮುಚ್ಚಿದೆಯೆಂಬ ವರದಿಯನ್ನು ಸ್ತ್ರೀಯ ನಡತೆಯ ಮೇಲಿನ ತೀರ್ಪೆಂದು ಭಾವಿಸುವುದು ಸರಿಯಲ್ಲ. ನಮ್ಮ ದೇಶದಲ್ಲಿ ಜನನಾಂಗಗಳ ಕ್ಷಯರೋಗವೂ ಇದಕ್ಕೆ ಪ್ರಮುಖ ಕಾರಣ. ಒಡೆದ ಅಪೆಂಡಿಕ್ಸ್‌ನಿಂದಲೂ ನಾಳಕ್ಕೆ ಹಾನಿಯಾಗಬಹುದು. ಸೋಂಕು ಪತಿಯಿಂದಲೇ ಬಂದಿರಲೂಬಹುದು. ಸೊಸೆಯೊಬ್ಬಳನ್ನೇ ಆಸ್ಪತ್ರೆಗೆ ಅಲೆಸಿ ಮಗನ ಪರೀಕ್ಷೆಯನ್ನು ಮುಂದೂಡುವ ರೂಢಿ ಇನ್ನೂ ಉಳಿದಿದೆ. ವೀರ್ಯ ಪರೀಕ್ಷೆಯು ಎಕ್ಸ್‌ರೇಗಿಂತ ಸುಲಭವಾದುದು. ಅದನ್ನು ಮೊದಲಿಗೇ ಮಾಡಿಸುವುದು ಯುಕ್ತ.

ಎರಡೂ ನಾಳಗಳು ಮುಚ್ಚಿದ್ದಲ್ಲಿ ಪ್ರನಾಳ ಶಿಶು ವಿಧಾನದಿಂದ ಗರ್ಭಧಾರಣೆ ಸಾಧ್ಯವಿದೆಯಾದರೂ ಅದು ದುಬಾರಿ. 35 ವರ್ಷ ಮೀರಿದ ಸ್ತ್ರೀಯರು ಒಂದು ವರ್ಷ ಕಾಯದೆ, ಆರು ತಿಂಗಳಿಗೇ ವೈದ್ಯರನ್ನು ಕಾಣುವುದು ಸೂಕ್ತ. ಮಾಹಿತಿಗಾಗಿ 1097 ಉಚಿತ ದೂರವಾಣಿಗೆ ಕರೆ ಮಾಡಬಹುದು.